ತೂತು ಕಾಸಿನ ನೂಲು

ದ್ವಾರಕನಾಥನ ಹವ್ಯಾಸದ ಬಗ್ಗೆ ದುಬೈಯ ಅಲ್ ನಹ್ದಾದ ಕನ್ನಡಿಗರಲ್ಲಿ ಎರಡು ಅಭಿಪ್ರಾಯಗಳಿದ್ದವು. ಅವನಿಗೆ ನಿಧಿಯ ಆಸೆ ಎನ್ನುವುದು ಒಂದು. ಅವನಿಗೆ ರಜೆಯ ದಿನ ಮನೆಯಲ್ಲಿ ಕೂತು ತರಕಾರಿ ಹೆಚ್ಚಲು ಬೇಸರ ಎನ್ನುವುದು ಇನ್ನೊಂದು. ಅವನ ಹೆಂಡತಿ ಚಾಮುಂಡೇಶ್ವರಿ ಎರಡನ್ನೂ ಸಂದರ್ಭ ನೋಡಿಕೊಂಡು ಅನುಮೋದಿಸುತ್ತಿದ್ದಳು.

ಯಂತ್ರ ಅವನು ಹುಡುಕಿಕೊಂಡು ಹೋದದ್ದಲ್ಲ. ಆಫೀಸಿನ ಒಬ್ಬ ಇಂಗ್ಲಿಷಿನವನು ಊರಿಗೆ ಹೊರಟಾಗ ಫ್ರಿಜ್ಜು ಒಬ್ಬರಿಗೆ, ಸೋಫಾ ಒಬ್ಬರಿಗೆ ಹೋಗಿ ಕೊನೆಗೆ ಉಳಿದದ್ದು ಈ ಮೆಟಲ್ ಡಿಟೆಕ್ಟರು. ಉದ್ದ ಕೋಲು, ತುದಿಗೆ ಊಟದ ತಟ್ಟೆಯಷ್ಟು ಅಗಲದ ಬಿಲ್ಲೆ, ಕಿವಿಗೆ ಹೆಡ್‌ಫೋನು. ಅದನ್ನು ಹಿಡಿದು ಶುಕ್ರವಾರ ಬೆಳಿಗ್ಗೆ ಸಮುದ್ರತೀರದಲ್ಲಿ ನಡೆದರೆ, ನೋಡಿದವರಿಗೆ ಇವನು ಮರಳಿಗೆ ಇಸ್ತ್ರಿ ಹಾಕುತ್ತಿದ್ದಾನೆ ಅನ್ನಿಸಬೇಕು. ಆರು ವರ್ಷದಲ್ಲಿ ಸಿಕ್ಕಿದ್ದು: ಪೆಪ್ಸಿ ಡಬ್ಬಿಯ ಕಿವಿಗಳು ಲೆಕ್ಕವಿಲ್ಲದಷ್ಟು, ಮೊಳೆ, ಬಾಟಲಿ ಮುಚ್ಚಳ, ಒಂದು ಕಾರಿನ ಕೀಲಿ, ಒಬ್ಬ ಫಿಲಿಪಿನೋ ಹುಡುಗಿಯ ಉಂಗುರ (ಹುಡುಕಿ ವಾಪಸು ಕೊಟ್ಟ), ಮತ್ತೆ ಹನ್ನೊಂದು ಹಳೆಯ ನಾಣ್ಯ. ಆ ಹನ್ನೊಂದರಲ್ಲಿ ಒಂಬತ್ತು ನಮ್ಮವೇ. ಒಂದು ಕಾಲಕ್ಕೆ ಈ ತೀರದಲ್ಲೆಲ್ಲ ನಡೆಯುತ್ತಿದ್ದದ್ದು ಇಂಡಿಯಾದ ರೂಪಾಯಿ, ಆಣೆ, ಕಾಸು. ಅದನ್ನು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಮೈಸೂರಿನ ಅಗ್ರಹಾರದಲ್ಲಿ ಬೆಳೆದವನಿಗೆ ಎಡವಿದ ಕಲ್ಲೂ ಹಳತೇ. ಇಲ್ಲಿ ಅವನ ಬೀದಿಯಲ್ಲಿ ಅವನ ಪಾಸ್‌ಪೋರ್ಟಿಗಿಂತ ಹಳೆಯ ಕಟ್ಟಡ ಒಂದೂ ಇರಲಿಲ್ಲ. ಮರಳಿನೊಳಗಿಂದ ಒಂದು ಕಾಲಾಣೆ ಎದ್ದು ಬಂದರೆ, ಊರಿನವರೊಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಹೆಸರು ಹಿಡಿದು ಕೂಗಿದ ಹಾಗಾಗುತ್ತಿತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮಗಳು ಗಾನವಿ, "ಅಪ್ಪಾ, ಯು ಆರ್ ಸೋ ವಿಯರ್ಡ್" ಅನ್ನುತ್ತಿದ್ದಳು. ಹನ್ನೆರಡು ವರ್ಷದ ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು.

ಸಿಕ್ಕಿದ ನಾಣ್ಯ ತೊಳೆಯುವುದರಲ್ಲಿ ಅವನು ಮಡಿವಂತ. ಉಜ್ಜಬಾರದು, ಹುಳಿ ಮುಟ್ಟಿಸಬಾರದು. ಆಲಿವ್ ಎಣ್ಣೆಯ ಬಾಟಲಿಯಲ್ಲಿ ಮುಳುಗಿಸಿ ನಾಲ್ಕು ತಿಂಗಳು ಬಿಡಬೇಕು. ಆಮೇಲೆ ಹಲ್ಲುಕಡ್ಡಿಯಲ್ಲಿ ಒಂದೊಂದೇ ಪದರ. ಈ ಎಣ್ಣೆ ಬಾಟಲಿಗಳು ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ನಿಂತಿರುತ್ತಿದ್ದವು.

"ಒಂದು ಚೂರು ಹುಣಸೆಹಣ್ಣು, ಒಂದು ಚಿಟಿಕೆ ಉಪ್ಪು. ಎರಡು ನಿಮಿಷದ ಕೆಲಸಕ್ಕೆ ನಾಲ್ಕು ತಿಂಗಳು ಎಣ್ಣೆಸ್ನಾನ ಮಾಡಿಸ್ತೀರಲ್ರೀ" ಅನ್ನುತ್ತಿದ್ದಳು ಚಾಮುಂಡೇಶ್ವರಿ.

"ಅದು ದೀಪದ ಕಂಬ ಅಲ್ಲ ಕಣೇ. ಹುಳಿ ಬಿದ್ದರೆ ಅದರ ಚರಿತ್ರೆಯೇ ಹೋಗುತ್ತೆ."

"ಚರಿತ್ರೆ ಅಲ್ಲ, ಕಿಲುಬು."

ಆರು ವರ್ಷದಿಂದ ಈ ವಾದ ಇಬ್ಬರಿಗೂ ಬಾಯಿಪಾಠವಾಗಿತ್ತು.

ಅಲ್ ಕೂಜ್‌ನಲ್ಲಿ ಅವನು ಕೆಲಸ ಮಾಡುತ್ತಿದ್ದ ಎಸಿ ಡಕ್ಟಿನ ಫ್ಯಾಕ್ಟರಿಯ ಗೇಟಿನ ಎದುರಿಗೆ ಅಲಿಕುಂಞಿಯವರ ಕೆಫೆಟೇರಿಯಾ. ಹೆಜಮಾಡಿಯ ಬ್ಯಾರಿ, ಐವತ್ತೆರಡು ವರ್ಷ, ಚಹಾ ಎತ್ತಿ ಹುಯ್ಯುವಾಗ ಒಂದು ಹನಿ ಹೊರಗೆ ಬೀಳಿಸಿದವರಲ್ಲ. ದ್ವಾರಕನಾಥ ತನ್ನ ಒಂಬತ್ತು ನಾಣ್ಯಗಳ ಕಥೆಯನ್ನು ಅವರಿಗೂ ಹೇಳಿದ್ದ; ಅವರು ಒಂಬತ್ತು ಸಲವೂ ಮೊದಲ ಸಲದಂತೆ ಕೇಳಿದ್ದರು. ೨೦೦೩ರ ಜನವರಿಯಲ್ಲಿ ಒಂದು ಮಧ್ಯಾಹ್ನ ಅವರೇ ಲೋಟ ತಂದಿಟ್ಟು ಎದುರಿಗೆ ಕೂತರು.

"ದ್ವಾರಕ ಸಾರ್, ನಾನು ಖಲಾಸ್. ವೀಸಾ ಕ್ಯಾನ್ಸಲ್ ಮಾಡಿ ಹೋಗುವುದು. ಫೆಬ್ರವರಿ ಆರಕ್ಕೆ ಟಿಕೆಟ್ ಉಂಟು."

"ಹಾಗಾದರೆ ನಮ್ಮ ಚಹಾದ ಗತಿ?"

"ಚಹಾ ಯಾರಾದರೂ ಮಾಡ್ತಾರೆ ಮಾರಾಯ್ರೆ. ನನಗೆ ನಿಮ್ಮ ಆ ಕೋಲು ಬೇಕಿತ್ತು. ಕೋಲು ಮಾತ್ರ ಅಲ್ಲ, ನೀವೂ."

ಕಥೆ ಹೊರಬಿದ್ದದ್ದು ಮುಂದಿನ ಶುಕ್ರವಾರ, ಕಾರು ಅಬುಧಾಬಿ ರಸ್ತೆಯಲ್ಲಿ ಜೆಬೆಲ್ ಅಲಿ ದಾಟಿದ ಮೇಲೆ.

೧೯೬೮ರಲ್ಲಿ ಅಲಿಕುಂಞಿ ಕಾಗದಪತ್ರವಿಲ್ಲದೆ ಲಾಂಚಿನಲ್ಲಿ ಬಂದವರು. ಆಗ ಹದಿನೇಳು. ಜೊತೆಗೆ ಅಣ್ಣ, ಮೋನು ಅಂತ ಕರೆಯುತ್ತಿದ್ದದ್ದು, ಮದುವೆಯಾಗಿ ಮೂರು ತಿಂಗಳು. ಮೂವತ್ತು ಜನರಿಗೆ ಜಾಗವಿದ್ದ ದೋಣಿಯಲ್ಲಿ ಎಪ್ಪತ್ತು ಜನ. ಬೆಳಕು ಹರಿಯುವ ಮುಂಚೆ ನಖೂದ, ಎಂದರೆ ದೋಣಿಯ ಯಜಮಾನ, ದೂರದ ಒಂದು ದೀಪ ತೋರಿಸಿ "ಅದೇ ದುಬೈ, ಯಲ್ಲಾ, ಇಳೀರಿ" ಅಂದ. ಇಳಿಯುವುದು ಎಂದರೆ ನೀರಿಗೆ ಹಾರುವುದು. ಅದು ದುಬೈ ಆಗಿರಲಿಲ್ಲ; ಅಲ್ಲಿಂದ ದುಬೈಗೆ ಎರಡು ದಿನದ ನಡಿಗೆ. ದಡ ಮುಟ್ಟಿ ಎಣಿಸಿದಾಗ ಆರು ಜನ ಕಡಿಮೆ.

"ಅಣ್ಣ ನನ್ನ ಹಿಂದೆ ಈಜುತ್ತಾ ಇದ್ದ. 'ತಿರುಗಿ ನೋಡಬೇಡ, ಹೋಗು' ಅಂದ. ನಾನು ನೋಡಲಿಲ್ಲ ಸಾರ್." ಅಲಿಕುಂಞಿ ಕಿಟಕಿಯ ಹೊರಗೆ ನೋಡುತ್ತಿದ್ದರು. "ಅತ್ತಿಗೆ ರುಖಿಯಾ ಈಗಲೂ ನಮ್ಮ ಮನೆಯಲ್ಲೇ. ಗಂಡ ತೀರಿಕೊಂಡರೆ ನಮ್ಮಲ್ಲಿ ಹೆಂಗಸರು ಇದ್ದತ್ ಕೂರಬೇಕು, ನಾಲ್ಕು ತಿಂಗಳು ಹತ್ತು ದಿನ, ಮನೆಯೊಳಗೆ. ಅತ್ತಿಗೆ ಕೂರಲೇ ಇಲ್ಲ. ಮಸೀದಿಯ ಖತೀಬರು ಬಂದು ಹೇಳಿದರು, ಇಷ್ಟು ವರ್ಷ ಆಯಿತು, ನೀನು ಇನ್ನೊಂದು ಮದುವೆಯೂ ಆಗಬಹುದು ಅಂತ. 'ಕಂಡವರು ಉಂಟಾ?' ಅಂತ ಕೇಳಿದರು ಅತ್ತಿಗೆ. ಕಾಣಬೇಕಾದವನು ನಾನು. ನಾನು ತಿರುಗಿ ನೋಡಲಿಲ್ಲವಲ್ಲ."

"ನಾನೇನು ಹುಡುಕಬೇಕು?"

"ಅವನ ಸೊಂಟದಲ್ಲಿ ಒಂದು ಒಟ್ಟೆ ಮುಕ್ಕಾಲು ಇತ್ತು. ನಡುವೆ ತೂತು ಇರುವ ಕಾಸು, ಬ್ರಿಟಿಷರದ್ದು. ಸಣ್ಣದಿರುವಾಗ ಉಮ್ಮ ಕಟ್ಟಿದ್ದು, ದೃಷ್ಟಿಗೆ."

ದ್ವಾರಕನಾಥ ತಿಳಿದವನ ಧಾಟಿಯಲ್ಲಿ, ಅಂಥ ತೂತು ಕಾಸು ಲಕ್ಷಗಟ್ಟಲೆ ಇದ್ದವು, ಇಲ್ಲೂ ಚಲಾವಣೆಯಲ್ಲಿದ್ದಿರಬಹುದು, ಒಂದು ಸಿಕ್ಕಿದರೂ ಅದು ಅವರ ಅಣ್ಣನದ್ದೇ ಅನ್ನಲಾಗದು ಎಂದೆಲ್ಲ ವಿವರಿಸಿದ. ವಿವರಿಸಿ ಮುಗಿದ ಮೇಲೆ, ಇದನ್ನು ಈಗ ಹೇಳಬೇಕಿತ್ತೇ ಎನ್ನಿಸಿತು. ಅಲಿಕುಂಞಿ ಮಾತ್ರ, "ಅಲ್ಲವಾ" ಅಂದರು, ಒಪ್ಪಿದವರ ಹಾಗೆ.

ಘಂತೂತ್‌ನ ಹತ್ತಿರದ ಆ ತೀರದಲ್ಲಿ ಅಲಿಕುಂಞಿಗೆ ಗುರುತು ಸಿಕ್ಕಿದ್ದು ಒಂದೇ: ನೀರು ಇಳಿದಾಗ ಕಾಣುವ, ಕೂತ ಒಂಟೆಯಂಥ ಕಪ್ಪು ಬಂಡೆ. ಮೂರು ಶುಕ್ರವಾರ ಅದರ ಆಚೀಚೆ ಹುಡುಕಿದರು. ಅಲಿಕುಂಞಿ ಹಿಂದೆ ಹಿಂದೆ ಸಣ್ಣ ಸನಿಕೆ ಹಿಡಿದು ನಡೆಯುತ್ತಿದ್ದರು. ಪ್ರತಿ ಸದ್ದಿಗೂ ನಿಂತು, "ಎಂತ ಸಾರ್, ಎಂತ?" ಅನ್ನುತ್ತಿದ್ದರು. ಪ್ರತಿ ಸಲವೂ ಪೆಪ್ಸಿ. ಒಂದು ದಿನ ಪೊಲೀಸ್ ಜೀಪು ನಿಂತಿತು. ಒಳಗಿದ್ದವನು ಇವರ ಚೀಲ ತೆಗೆಸಿ, ಬಾಟಲಿ ಮುಚ್ಚಳಗಳನ್ನು ನೋಡಿ, ಬೀಚು ಶುಚಿ ಮಾಡುವ ಇಬ್ಬರು ಮುದುಕರೆಂದು ಸಮಾಧಾನಪಟ್ಟು ಸಲಾಂ ಹೇಳಿ ಹೋದ.

ನಾಲ್ಕನೆಯ ಶುಕ್ರವಾರ, ಜನವರಿ ಮೂವತ್ತೊಂದು. ಬಂಡೆಯಿಂದ ನಲವತ್ತು ಹೆಜ್ಜೆ ಮೇಲೆ, ಚಿಪ್ಪುಗಳು ಗುಡ್ಡೆ ಬಿದ್ದಿದ್ದ ಹಳೆಯ ಅಲೆಗೆರೆಯಲ್ಲಿ, ಹೆಡ್‌ಫೋನಿನಲ್ಲಿ ದುಂಡಗಿನ, ತುಂಬಿದ ಸದ್ದು ಬಂತು. ಪೆಪ್ಸಿ ಹಾಗೆ ಕೂಗುವುದಿಲ್ಲ. ಒಂದು ಗೇಣು ಕೆಳಗೆ ಹಸಿರು ಹೆಪ್ಪುಗಟ್ಟಿದ ಬಿಲ್ಲೆ. ಸುತ್ತ ಮರಳು ಕಚ್ಚಿಕೊಂಡಿತ್ತು. ನಡುವೆ ಒಂದು ಗುಳಿ, ಗುಳಿಯ ತುಂಬ ಕಸ.

ಅಲಿಕುಂಞಿ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಮರಳಿನಲ್ಲೇ ಕೂತುಬಿಟ್ಟರು.

"ಇದು ವಾಷರ್ ಇದ್ದರೂ ಇರಬಹುದು," ಅಂದ ದ್ವಾರಕನಾಥ. "ಲಾಂಚಿನ ಇಂಜಿನ್ನಿನದ್ದು. ಎಣ್ಣೆಯಲ್ಲಿ ಹಾಕಿ ನಾಲ್ಕು ತಿಂಗಳು..."

"ನನಗೆ ಆರು ದಿನ ಉಂಟು ಸಾರ್."

ಶನಿವಾರ ಸಂಜೆ ದ್ವಾರಕನಾಥ ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಹಲ್ಲುಕಡ್ಡಿ ಹಿಡಿದು, ಎರಡು ಗಂಟೆ ಕೂತ. ಒಂದು ಸಾಸಿವೆಯಷ್ಟು ಹಸಿರು ಉದುರಿತು. ಚಾಮುಂಡೇಶ್ವರಿ ರಾತ್ರಿಯ ಸಾರಿಗೆ ಹುಣಸೆಹಣ್ಣು ನೆನೆಹಾಕುತ್ತಿದ್ದಳು. ಬಟ್ಟಲನ್ನು ಅವನ ಕಡೆ ನಾಲ್ಕು ಬೆರಳು ಸರಿಸಿದಳು, ಅಷ್ಟೆ.

"ಸರಿ, ತೊಳಿ," ಅಂದ ಅವನು. ಆರು ವರ್ಷದ ಮಡಿ ಎರಡು ಪದಕ್ಕೆ ಮುಗಿಯಿತು.

ಮದುವೆಯಾದಾಗಿನಿಂದ ಶುಕ್ರವಾರಕ್ಕೊಮ್ಮೆ ದೀಪ ಬೆಳಗಿದ ಕೈ. ಹುಳಿ, ಉಪ್ಪು, ಹೆಬ್ಬೆರಳು. ಹಸಿರು ಕರಗಿ ಬೆರಳ ಸಂದಿಯಲ್ಲಿ ಇಳಿಯಿತು. ಕೆಂಪು ತಾಮ್ರ ಇಣುಕಿತು. ನಡುವಿನ ಗುಳಿಯಲ್ಲಿ ಮಾತ್ರ ಏನೋ ಹಸಿರು ನಾರಿನಂಥದ್ದು ಸಿಕ್ಕಿಕೊಂಡಿತ್ತು.

"ಇದೇನ್ರೀ?"

"ಸಮುದ್ರದ ಪಾಚಿ. ತೆಗೆದುಬಿಡು."

ಅವಳು ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಕೆದಕಿದಳು. ಬರಲಿಲ್ಲ. ಮತ್ತೆ ಹುಳಿ ಹಾಕಿ ಕೆದಕಿದಳು. "ಪಾಚಿ ಅಂತೆ ಪಾಚಿ. ಇಷ್ಟು ಹಟ ಮಾಡೋ ಪಾಚಿ ನಾನು ಕಂಡಿಲ್ಲಪ್ಪ." ಪಿನ್ನಿನ ಮೂತಿ ಬಾಗಿತು. ಮೂರನೆಯ ಸಲಕ್ಕೆ ಅದು ಪಟ್ಟನೆ ಬಿಟ್ಟುಕೊಂಡು, ಹಿಪ್ಪೆಯೊಳಗೆ ಸೇರಿ, ಹಿಪ್ಪೆಯ ಜೊತೆ ಕಸದ ಚೀಲಕ್ಕೆ ಹೋಯಿತು. ನಲ್ಲಿಯ ಕೆಳಗೆ ಹಿಡಿದಾಗ ಕಾಸು ನಗುತ್ತಿತ್ತು: ತೂತು, ಕಿರೀಟ, ಇಂಡಿಯಾ, ೧೯೪೪.

"ವಾವ್, ಇಟ್ ಲುಕ್ಸ್ ಬ್ರ್ಯಾಂಡ್ ನ್ಯೂ," ಅಂದಳು ಗಾನವಿ.

ಕಸದ ಚೀಲ ಆ ರಾತ್ರಿಯೇ ಎಂಟನೆಯ ಮಹಡಿಯ ಕಸದ ಕೊಳವೆಯಲ್ಲಿ ಕೆಳಗಿಳಿಯಿತು.

ಭಾನುವಾರ ಮಧ್ಯಾಹ್ನ ಕಾಸನ್ನು ನೋಡಿದ ಅಲಿಕುಂಞಿ ಮೊದಲು ಕೈ ಒರೆಸಿಕೊಂಡರು. ಆಮೇಲೆ ಊರಿಗೆ ಫೋನು ಹಚ್ಚಿದರು. ಬ್ಯಾರಿ ಭಾಷೆಯ ಮಾತು. ದ್ವಾರಕನಾಥನಿಗೆ ತಲೆಬುಡ ತಿಳಿಯಲಿಲ್ಲ. ಅಲಿಕುಂಞಿಯ ಗಂಟಲು ಏರಿತು, ಇಳಿಯಿತು. ಆಚೆಯ ದನಿ ಮಾತ್ರ ಒಂದೇ ಸಮ. ಕೊನೆಗೆ ಅದರಲ್ಲಿ ಒಂದು ಪದ ಅವನ ಕಿವಿಗೂ ಸಿಕ್ಕಿತು: ನೂಲು.

ಅಲಿಕುಂಞಿ ಫೋನಿಗೆ ಕೈ ಅಡ್ಡ ಹಿಡಿದರು. "ಸಾರ್, ಒಟ್ಟೆಯಲ್ಲಿ ನೂಲು ಇತ್ತಾ ಅಂತ ಕೇಳ್ತಾರೆ ಅತ್ತಿಗೆ. ನನಗೂ ಗೊತ್ತಿರಲಿಲ್ಲ. ಹೊರಡುವ ಮುಂಚಿನ ದಿನ ಹಳೆ ನೂಲು ತೆಗೆದು ಹೊಸತು ಹಾಕಿ ಕೊಟ್ಟದ್ದಂತೆ. ಬೀಡಿ ಕಟ್ಟುವ ನೂಲು, ಅದಕ್ಕೆ ಅವರ ಒಂದು ಕೂದಲೂ ಸೇರಿಸಿ ಹೊಸೆದದ್ದಂತೆ. ಕಾಸು ಎಲ್ಲರದ್ದೂ ಒಂದೇ, ನೂಲು ನನ್ನದು, ಅಂತ ಹೇಳ್ತಾರೆ."

ದ್ವಾರಕನಾಥನ ಕಣ್ಣಮುಂದೆ ಪಿನ್ನಿನ ಬಾಗಿದ ಮೂತಿ ಬಂತು. ಆರು ವರ್ಷದಿಂದ ಊರಿಗೆಲ್ಲ ಬೋಧಿಸಿದ ಚರಿತ್ರೆ ಬಂತು. ತಾಮ್ರದ ಕಿಲುಬು ತನಗೆ ಅಂಟಿದ ನೂಲನ್ನು ಕೊಳೆಯಲು ಬಿಡದೆ ಹಸಿರಾಗಿ ಹಿಡಿದಿಡುತ್ತದೆ ಎಂದು ಅವನೇ ಎಲ್ಲೋ ಓದಿದ್ದ, ಓದಿದ್ದನ್ನು ಇದೇ ಬೆಂಚಿನ ಮೇಲೆ ಕೂತು ಹೇಳಿಯೂ ಇದ್ದ.

"ಇರಲಿಲ್ಲ," ಅಂದ.

ಅಲಿಕುಂಞಿ ಅದನ್ನು ಫೋನಿಗೆ ದಾಟಿಸಿದರು. ಆಚೆಯಿಂದ ಒಂದು ಸಣ್ಣ ಮಾತು ಬಂತು, ಫೋನು ಇಟ್ಟ ಸದ್ದಾಯಿತು.

"ಹಾಗಾದರೆ ಬೇರೆ ಯಾರದ್ದೋ ಮನೆಯದ್ದು ಅಂದರು." ಅಲಿಕುಂಞಿ ಕಾಸನ್ನು ಇವನ ಕಡೆ ತಳ್ಳಿದರು. "ನಿಮ್ಮಲ್ಲೇ ಇರಲಿ ಸಾರ್. ನಿಮ್ಮದು ಹತ್ತು ಆಯಿತು." ಎದ್ದು ಹೋಗಿ ಯಾರಿಗೋ ಚಹಾ ಹುಯ್ದರು. ಹುಯ್ಯುವಾಗ ಅರ್ಧ ಲೋಟ ಹೊರಗೆ ಬಿತ್ತು.

ಆವತ್ತು ಸಂಜೆ ದ್ವಾರಕನಾಥ ಕಸದ ಕೊಳವೆಯ ಬುಡಕ್ಕೆ ಇಳಿದು ನೋಡಿದ. ಕಾವಲಿನ ಬಂಗಾಳಿ, "ಬೆಳಿಗ್ಗೆಯೇ ಗಾಡಿ ಬಂದಿತ್ತು, ಏನು ಕಳೆಯಿತು, ಚಿನ್ನವಾ?" ಎಂದು ಹಿಂದಿಯಲ್ಲಿ ಕೇಳಿದ. ಅಲ್ಲ ಅಂದ. ಸೋಮವಾರ ಕೆಫೆಟೇರಿಯಾಕ್ಕೆ ಹೋಗಲಿಲ್ಲ. ಮಂಗಳವಾರವೂ ಇಲ್ಲ. ಕಾಸು ಅಂಗಿಯ ಜೇಬಿನಲ್ಲಿ ಒಂದು ಪಾಪದ ತೂಕದಷ್ಟು ತೂಗುತ್ತಿತ್ತು. ತಕ್ಕಡಿಗೆ ಹಾಕಿದರೆ ಎರಡು ಗ್ರಾಂ. ಮಂಗಳವಾರ ಊಟದ ಹೊತ್ತಿಗೆ ಹೆಂಡತಿಗೆ ಹೇಳಿದ.

ಚಾಮುಂಡೇಶ್ವರಿ ಬಡಿಸುವ ಸೌಟು ಪಾತ್ರೆಯಲ್ಲೇ ಬಿಟ್ಟಳು.

"ಕೂದಲು ಅಂದ್ರಾ?"

"ಹೂಂ."

"ನಾನು ಎಳೆದು ಬಿಸಾಕಿದ್ದು?"

"ನಾನು ಹೇಳಿದ್ದಕ್ಕೆ ನೀನು ಎಳೆದೆ."

"ಆಮೇಲೆ ಏನೂ ಇರಲೇ ಇಲ್ಲ ಅಂತ ಬೇರೆ ಹೇಳಿ ಬಂದಿರಿ! ಯಾಕೆ, ನಿಮ್ಮ ವಿದ್ವತ್ತಿಗೆ ಕುಂದು ಬರುತ್ತೆ ಅಂತಲೇ? ಮೂವತ್ತೈದು ವರ್ಷ ಕಾದ ಹೆಂಗಸಿಗೆ ರೀ!" ಅವಳು ಸೌಟು ಎತ್ತಿ ಅವನ ತಟ್ಟೆಗೆ ಬಡಿಸಿದಳು. ಆಮೇಲೆ, "ನಾಳೆ ನನ್ನನ್ನು ಕರೆದುಕೊಂಡು ಹೋಗಿ. ನಾನು ಮಾತಾಡ್ತೀನಿ."

"ಏನು ಮಾತಾಡ್ತೀಯ?"

"ತಪ್ಪಾಯ್ತು ಅನ್ನೋದಕ್ಕೆ ಏನು ತಯಾರಿ ಬೇಕು?"

ಬುಧವಾರ ಕೆಫೆಟೇರಿಯಾದ ಅರ್ಧ ಸಾಮಾನು ಪೆಟ್ಟಿಗೆಗಳಿಗೆ ಸೇರಿತ್ತು. ದ್ವಾರಕನಾಥ ನಿಂತುಕೊಂಡೇ ಹೇಳಿದ. ನೂಲಿನಂಥದ್ದು ಇತ್ತು, ನಾನು ಪಾಚಿ ಅಂದೆ, ತೆಗೆಸಿದೆ, ಆಮೇಲೆ ನಾಚಿಕೆಯಾಗಿ ಇರಲಿಲ್ಲ ಅಂದೆ. ಅಲಿಕುಂಞಿ ಬೈಯುತ್ತಾರೆ ಎಂದು ಕಾದ. ಅವರು ಬೈಯಲಿಲ್ಲ. "ತಿರುಗಿ ನೋಡದವರು ನಾವಿಬ್ಬರಾದೆವು ಸಾರ್," ಅಂದು ಫೋನಿನ ನಂಬರು ಒತ್ತತೊಡಗಿದರು.

ವಿಷಯ ತಿಳಿಸಿ ರಿಸೀವರನ್ನು ಚಾಮುಂಡೇಶ್ವರಿಯ ಕೈಗೆ ಕೊಟ್ಟರು. ಸ್ಪೀಕರು ಹಾಕಿದ್ದರು, ಮಿಕ್ಸಿ, ಫ್ರಿಜ್ಜು ಎಲ್ಲ ಆರಿಸಿ ಆಗಿತ್ತಾದ್ದರಿಂದ ಸ್ಪಷ್ಟವಾಗಿ ಕೇಳುತ್ತಿತ್ತು.

"ರುಖಿಯಮ್ಮಾ, ನಾನು ದುಬೈಯಿಂದ, ಚಾಮುಂಡೇಶ್ವರಿ ಅಂತ. ಆ ಕಾಸು ತೊಳೆದವಳು ನಾನೇ. ತಿಳಿಯದೆ ತೆಗೆದು ಬಿಸಾಕಿಬಿಟ್ಟೆ ಕಣಮ್ಮ. ನಿಮ್ಮ ಕಾಲಿಗೆ ಬೀಳಬೇಕು ನಾನು."

"ಹಾಗೆಲ್ಲ ಹೇಳಬೇಡಿ ಅಕ್ಕಾ." ಕನ್ನಡ ಶಾಲೆಯಲ್ಲಿ ಕಲಿತ, ಬಳಸದೆ ಎತ್ತಿಟ್ಟ ಕನ್ನಡ. "ಎಂತದರಲ್ಲಿ ತೊಳೆದದ್ದು?"

"ಹುಣಸೆಹಣ್ಣಿನಲ್ಲಿ."

"ನಾನೂ ಅದರಲ್ಲೇ ತೊಳೆಯುತ್ತಿದ್ದೆ. ಬಣ್ಣ ಎಂತದು ಇತ್ತು?"

"ಹಸಿರು. ತಾಮ್ರದ ಜೊತೆ ಇದ್ದದ್ದೆಲ್ಲ ಹಸಿರೇ ಆಗಿತ್ತು. ಕೂದಲೋ, ನೂಲೋ, ನಾನು ಕಣ್ಣಿಟ್ಟು ನೋಡಲಿಲ್ಲ. ಸುಳ್ಳು ಹೇಳಬಾರದು."

"ಅದು ಬೇಡ. ತೆಗೆಯುವಾಗ ಹೇಗೆ ಬಂತು? ಅದೊಂದು ಹೇಳಿ. ಸಲೀಸಾಗಿ ಬಂತಾ?"

ಚಾಮುಂಡೇಶ್ವರಿ ಗಂಡನ ಮುಖ ನೋಡಿದಳು. ಅವನು ಅವಳ ಬಳೆಯಲ್ಲಿ ನೇತಾಡುತ್ತಿದ್ದ ಪಿನ್ನು ನೋಡುತ್ತಿದ್ದ. ಅದರ ಮೂತಿ ಇನ್ನೂ ಬಾಗಿಯೇ ಇತ್ತು.

"ಇಲ್ಲಮ್ಮ. ಬರಲೇ ಇಲ್ಲ. ಪಿನ್ನು ಹಾಕಿ ಮೂರು ಸಲ ಎಳೆದೆ. ಪಿನ್ನೇ ಬಾಗಿಹೋಯಿತು. ಹಟ ಹಿಡಿದ ಹಾಗಿತ್ತು."

ಆಚೆ ಎಲ್ಲೋ ಹಿಂದೆ ಕೋಳಿ ಕೂಗಿತು. ಯಾರೋ ಬಾವಿಗೆ ಕೊಡ ಬಿಟ್ಟರು.

"ಮೂರು ಗಂಟು ಹಾಕಿದ್ದೆ," ಅಂದರು ರುಖಿಯಾ. "ಒಟ್ಟೆಯ ಹತ್ತಿರವೇ, ಒಂದರ ಮೇಲೆ ಒಂದು. ಅವರು ನಗಾಡಿದರು. ಬೀಡಿ ಕಟ್ಟುವವಳ ಗಂಟು, ನಾನು ಸತ್ತರೂ ಬಿಚ್ಚಿಕೊಳ್ಳುವುದಿಲ್ಲ ಅಂತ. ಅಕ್ಕಾ, ನಿಮ್ಮ ಕೈ ನೋಯಿತಾ?"

ಚಾಮುಂಡೇಶ್ವರಿ ರಿಸೀವರನ್ನು ಅಲಿಕುಂಞಿಗೆ ಕೊಟ್ಟು, ಸೆರಗಿನಿಂದ ಮುಖ ಒತ್ತಿಕೊಂಡು, ಪೆಟ್ಟಿಗೆಯೊಂದರ ಮೇಲೆ ಕೂತಳು. ಅಲಿಕುಂಞಿ ಎರಡು ಮಾತು ಕೇಳಿ, "ಆಯಿತು, ಆಯಿತು," ಎಂದು ಕನ್ನಡದಲ್ಲೇ ಹೇಳಿ ಫೋನು ಇಟ್ಟು, "ಕಾಸು ತರಲಿಕ್ಕೆ ಹೇಳಿದರು," ಅಂದರು. ದ್ವಾರಕನಾಥ ಜೇಬಿನಿಂದ ಕಾಸು ತೆಗೆದುಕೊಟ್ಟ. ಅವರು ಅದನ್ನು ಪಾಸ್‌ಪೋರ್ಟಿನ ಒಳಗೆ, ರದ್ದಾದ ವೀಸಾದ ಪುಟದಲ್ಲಿಟ್ಟು, ರಬ್ಬರ್ ಬ್ಯಾಂಡ್ ಹಾಕಿದರು.

"ಇನ್ನು ವಾಪಸು ಕೊಡಿ ಅಂತ ಕೇಳಬೇಡಿ," ಅಂದರು. ನಗಲು ನೋಡಿದರು.

ಹದಿನೈದು ದಿನದ ಮೇಲೆ ಒಂದು ಶುಕ್ರವಾರ ಹೆಜಮಾಡಿಯಿಂದ ಫೋನು ಬಂತು. ಅಲ್ಲಿನ ಚಹಾದಲ್ಲಿ ರುಚಿ ಇಲ್ಲ, ಜನ ಸಾಲ ಕೇಳುತ್ತಾರೆ, ಸೆಖೆ ದುಬೈಗಿಂತ ಹೆಚ್ಚು ಎಂದೆಲ್ಲ ಹೇಳಿದ ಮೇಲೆ ಅಲಿಕುಂಞಿ ವಿಷಯಕ್ಕೆ ಬಂದರು.

"ಅತ್ತಿಗೆ ಇದ್ದತ್ ಕೂತರು ಸಾರ್. ನಿನ್ನೆಯಿಂದ. ಖತೀಬರು, ಇದರ ಕಾಲ ಎಂದೋ ಮುಗಿದಿದೆ, ಈಗ ಏನೂ ಬೇಕಿಲ್ಲ ಅಂತ ಬಿಡಿಸಿ ಹೇಳಿದರು. 'ಗೊತ್ತುಂಟು, ಆದರೂ ಕೂರುತ್ತೇನೆ' ಅಂದರು. ಒಳಗಿನ ಕೋಣೆಯಲ್ಲಿ ಇದ್ದಾರೆ. ಬೀಡಿಯ ಮೊರವನ್ನು ಹೊರಗೆ ಇಡಿಸಿದ್ದಾರೆ. ಕಾಸು ಅವರ ಹತ್ತಿರ ಉಂಟು, ನೂಲು ಹಾಕಲಿಲ್ಲ. ಹಾಗೆಯೇ ಇರಲಿ ಅಂದರು."

ಚಾಮುಂಡೇಶ್ವರಿ ಅಡುಗೆಮನೆಯ ಗೋಡೆಯ ಮೇಲಿದ್ದ, ಊರಿಂದ ತರಿಸಿದ್ದ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಎಣಿಸಿದಳು. ಮಾರ್ಚಿ, ಏಪ್ರಿಲ್, ಮೇ, ಜೂನ್. ಅಲ್ಲಿಂದ ಹತ್ತು ದಿನ. ಆ ಚೌಕದಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಸೊನ್ನೆ ಸುತ್ತಿ, ಪೆನ್ಸಿಲನ್ನು ಮೊಳೆಗೆ ಸಿಕ್ಕಿಸಿ, ಒಗ್ಗರಣೆಗೆ ತಿರುಗಿದಳು.

ಕಿಟಕಿಯಲ್ಲಿ ಎಣ್ಣೆಯ ಬಾಟಲಿಗಳು ಸಾಲಾಗಿದ್ದವು. ದ್ವಾರಕನಾಥ ಒಂದನ್ನು ಬೆಳಕಿಗೆ ಎತ್ತಿ ಹಿಡಿದ. ತಳದಲ್ಲಿ ಹಸಿರು ಬಿಲ್ಲೆಯೊಂದು ಮಲಗಿತ್ತು. ಅದರ ಅಂಚಿನಲ್ಲಿ ಏನೋ ಎಳೆಯಂಥದ್ದು ಅಂಟಿಕೊಂಡಂತೆ ಕಂಡಿತು. ಎಣ್ಣೆಯ ಗೆರೆಯೂ ಇರಬಹುದು.

"ಅದನ್ನೂ ತೊಳೆದು ಕೊಡಲೇನ್ರೀ?" ಅಂದಳು ಅವಳು, ತಿರುಗದೆ.

"ಬೇಡ," ಅಂದ. ಬಾಟಲಿಯನ್ನು ಇದ್ದ ಜಾಗದಲ್ಲೇ, ಇದ್ದ ಮುಖಕ್ಕೇ ಇಟ್ಟ.